ಕಣ್ಣು ಹಳದಿಯಾಗದ ಕಾಮಾಲೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಬೆಳಗಾಗುವುದು ಬರೀ ಹೊಟ್ಟೆಯವರಿಂದ. ಏಳು ಗಂಟೆಯ ಹೊತ್ತಿಗೆಲ್ಲ ಹರಿಹರದಿಂದ, ಜಗಳೂರಿನಿಂದ, ಹೊನ್ನಾಳಿ, ಚನ್ನಗಿರಿಗಳ ಕಡೆಯಿಂದ ಬಂದವರು ರಕ್ತಪರೀಕ್ಷೆಯ ಲ್ಯಾಬುಗಳ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ರಕ್ತ ಕೊಡುವವರೆಗೆ ಒಂದು ಗುಟುಕು ಕಾಫಿಯೂ ಕುಡಿಯುವಂತಿಲ್ಲ. ಕೊಟ್ಟಾದ ಮೇಲೆ ಮೊಣಕೈ ಮಡಚಿ, ಹತ್ತಿ ಒತ್ತಿ ಹಿಡಿದುಕೊಂಡು ಬೆಣ್ಣೆದೋಸೆಯ ಹೋಟೆಲು ಹುಡುಕಿಕೊಂಡು ಹೊರಡುತ್ತಾರೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಹತ್ತಿಗಿರಣಿಗಳ ಊರು ವೈದ್ಯರ ಊರೂ ಆಯಿತು. ಕಾಲಕ್ರಮದಲ್ಲಿ ಗಿರಣಿಗಳ ಸದ್ದು ಅಡಗಿತು, ದವಾಖಾನೆಗಳ ಬೋರ್ಡುಗಳು ಹೆಚ್ಚಿದವು.

ಇಂಥ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಒಂದು ಮನೆ. ತಂದೆಗೆ ಜವಳಿ ಅಂಗಡಿ. ತಾಯಿ ಹರಿಹರದ ಹೆಣ್ಣುಮಗಳು. ಮಗ ಪದವಿ ತರಗತಿಯಲ್ಲಿ, ಮಗಳು ಒಂಬತ್ತನೆಯ ತರಗತಿಯಲ್ಲಿ. ಇವರೆಲ್ಲರ ಮೇಲೊಬ್ಬಳು ಎಪ್ಪತ್ತು ದಾಟಿದ ಅಜ್ಜಿ, ತಂದೆಯ ತಾಯಿ. ಮನೆಯಿಂದ ನೂರು ಹೆಜ್ಜೆಗೊಂದು ಲ್ಯಾಬು. ಆದರೆ ಈ ಐವರಲ್ಲಿ ಯಾರೂ ಒಂದು ಪರೀಕ್ಷೆಯನ್ನು ಎಂದೂ ಮಾಡಿಸಿರಲಿಲ್ಲ. ಮಾಡಿಸಬೇಕೆಂದು ಹೇಳಿದವರೂ ಇರಲಿಲ್ಲ. ಗಂಗೆಯ ದಡದಲ್ಲಿದ್ದವರೇ ಮೀಯುವುದನ್ನು ಮರೆಯುವಂತೆ.

2023ರಲ್ಲಿ ಮಗನ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆಯಿತು. ಹುಡುಗನಿಗೆ ಇಪ್ಪತ್ತು ವರ್ಷ, ಐವತ್ತೆಂಟು ಕಿಲೋ ತೂಕ, ಕ್ರಿಕೆಟ್ ಆಡುವ ಮೈಕಟ್ಟು. ಗೆಳೆಯರ ಜೊತೆ ಸಾಲಿನಲ್ಲಿ ನಿಂತು 350 ಮಿಲಿಲೀಟರ್ ರಕ್ತ ಕೊಟ್ಟು, ಹಣ್ಣಿನ ರಸ, ಬಿಸ್ಕತ್ತು, ಪ್ರಮಾಣಪತ್ರಗಳ ಸಮೇತ ಮನೆಗೆ ಬಂದ. ಪ್ರಮಾಣಪತ್ರ ನೋಡಿ ತಂದೆಗೆ ಹೆಮ್ಮೆ. ಅಜ್ಜಿಗೆ ಮಾತ್ರ ಹೊಟ್ಟೆಯುರಿ: "ಇದ್ದ ರಕ್ತಾನೂ ಕೊಟ್ಟು ಬಂದ್ಯಲ್ಲೋ" ಎಂದು ಎರಡು ಲೋಟ ಹಾಲು ಕುಡಿಸಿದಳು.

ಕೆಲವು ದಿನ ಕಳೆದ ಮೇಲೆ ರಕ್ತನಿಧಿಯಿಂದ ಫೋನು ಬಂತು. ಒಮ್ಮೆ ಬಂದು ಹೋಗಬೇಕು, ಒಬ್ಬರೇ ಬಂದರೂ ಆಗಬಹುದು, ಹೆದರುವಂಥದ್ದೇನಿಲ್ಲ ಎಂದರು. ಹೆದರಬೇಡಿ ಎಂದು ಯಾರಾದರೂ ಹೇಳಿದರೆ ಹೆದರಿಕೆ ಶುರುವಾಗುವುದು ಅಲ್ಲಿಂದಲೇ. ಹುಡುಗ ಒಬ್ಬನೇ ಹೋದ. ದಾನಿಗಳು ಕೊಟ್ಟ ರಕ್ತವನ್ನು ರೋಗಿಗೆ ಏರಿಸುವ ಮೊದಲು ಐದು ಸೋಂಕುಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ: ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾ. ಇವನ ರಕ್ತದಲ್ಲಿ ಎರಡನೆಯದು ಕಂಡಿತ್ತು. ಅವನು ಕೊಟ್ಟ ರಕ್ತ ಯಾರಿಗೂ ಹೋಗಲಿಲ್ಲ. ಆದರೆ ಆ ರಕ್ತ ಒಂದು ಮನೆಯನ್ನೇ ಉಳಿಸಲಿದೆ ಎಂಬುದು ಅಂದು ಅವನಿಗೆ ಗೊತ್ತಿರಲಿಲ್ಲ.

"ಹೆಪಟೈಟಿಸ್ ಅಂದ್ರೆ?" ಎಂದು ಅಜ್ಜಿ ಕೇಳಿದಳು. ಯಾರೋ "ಜಾಂಡೀಸ್" ಎಂದರು. "ಕಾಮಾಲೆ ಅನ್ನು. ಅದಕ್ಯಾಕೆ ಇಷ್ಟು ಗಾಬರಿ? ಕಣ್ಣು ತೋರಿಸು" ಎಂದಳು. ಹುಡುಗನ ರೆಪ್ಪೆ ಎಳೆದು ನೋಡಿದಳು. ಕಣ್ಣು ಹಾಲಿನ ಹಾಗೆ ಬೆಳ್ಳಗಿತ್ತು. "ಎಲ್ಲೈತೆ ಕಾಮಾಲೆ? ಸುಳ್ಳು ಹೇಳ್ಯಾರೆ" ಎಂದು ತೀರ್ಪು ಕೊಟ್ಟುಬಿಟ್ಟಳು.

ಅಜ್ಜಿಯನ್ನು ನೋಡಿ ನಗುವಂತಿಲ್ಲ. ಓದಿದವರೂ ಮಾಡುವ ತಪ್ಪು ಇದೇ. ಕಾಮಾಲೆ ಎಂಬುದು ಒಂದು ರೋಗದ ಹೆಸರಲ್ಲ, ಒಂದು ಚಿಹ್ನೆಯ ಹೆಸರು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದನ್ನು ಪಿತ್ತದ ಜೊತೆ ಕರುಳಿಗೆ ಸಾಗಿಸುವುದು ಪಿತ್ತಜನಕಾಂಗದ, ಅಂದರೆ ಲಿವರಿನ ಕೆಲಸ. ಲಿವರು ಸೋತಾಗ ಆ ಹಳದಿ ರಕ್ತದಲ್ಲೇ ಉಳಿದು ಕಣ್ಣಿಗೂ ಚರ್ಮಕ್ಕೂ ಇಳಿಯುತ್ತದೆ. ಲಿವರು ಸೋಲಲು ಕಾರಣ ಹತ್ತಾರು. ಅವುಗಳಲ್ಲಿ ಐದು ವೈರಾಣುಗಳು ಮುಖ್ಯ. ಅವಕ್ಕೆ ವಿಜ್ಞಾನಿಗಳು ಎ, ಬಿ, ಸಿ, ಡಿ, ಇ ಎಂದು ಅಕ್ಷರಗಳನ್ನೇ ಹೆಸರಾಗಿ ಇಟ್ಟಿದ್ದಾರೆ.

ಎ ಮತ್ತು ಇ ಹರಡುವುದು ಕೊಳಕು ನೀರು, ಆಹಾರಗಳಿಂದ. 1955-56ರಲ್ಲಿ ದಿಲ್ಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿಕೊಂಡು ಸುಮಾರು 29,000 ಮಂದಿ ಕಾಮಾಲೆಯಿಂದ ಮಲಗಿದರು. ಅದು ಇ ವೈರಾಣುವಿನ ಕೆಲಸವೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ಕೂಡಿಟ್ಟ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ. ಈ ಎರಡೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಆದರೆ ಬಸುರಿಯರಿಗೆ ಇ ತಗುಲಿದರೆ ಜೀವಕ್ಕೇ ಅಪಾಯವಾಗಬಹುದು. ನಮ್ಮ ಊರುಗಳ ನಾಟಿ ಔಷಧಿ, ಪಥ್ಯ, ಮಂತ್ರ, ಮುಂಗೈಗೆ ಹಾಕುವ ಬರೆ ಇವೆಲ್ಲ ಹೆಸರು ಮಾಡಿರುವುದು ಹೆಚ್ಚಾಗಿ ಈ ಕಾಮಾಲೆಯಿಂದಲೇ. ತಾನಾಗಿ ವಾಸಿಯಾಗುವ ಕಾಯಿಲೆಗೆ ಏನು ಕೊಟ್ಟರೂ ಕೀರ್ತಿ ಔಷಧಿಗೇ ಸಲ್ಲುತ್ತದೆ.

ಬಿ ಮತ್ತು ಸಿ ಬೇರೆ ಜಾತಿಯವು. ಡಿ ಎಂಬುದು ಬಿ ಇದ್ದವರಿಗೆ ಮಾತ್ರ ಅಂಟುವ ಬಾಲಂಗೋಚಿ. ಇವು ರಕ್ತದ ಮೂಲಕ ಹರಡುತ್ತವೆ: ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವುದರಿಂದ, ಕ್ಷೌರದಂಗಡಿಯಲ್ಲಿ ಬದಲಾಯಿಸದ ಬ್ಲೇಡಿನಿಂದ, ಜಾತ್ರೆಯ ಹಚ್ಚೆಯ ಸೂಜಿಯಿಂದ, ಸರಿಯಾಗಿ ಕುದಿಸದ ಹಲ್ಲಿನ ಸಲಕರಣೆಗಳಿಂದ. ಬಿ ಲೈಂಗಿಕ ಸಂಪರ್ಕದಿಂದಲೂ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ಸುಲಭವಾಗಿ ದಾಟುತ್ತದೆ. ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ, ಬಿ ವೈರಾಣು ಕನಿಷ್ಠ ಏಳು ದಿನ ಬದುಕಿರಬಲ್ಲದು. 2009ರಲ್ಲಿ ಗುಜರಾತಿನ ಮೋಡಾಸಾ ಪಟ್ಟಣದ ಸುತ್ತ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಒಮ್ಮೆ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಅಲ್ಲಿ ಬಯಲಾಯಿತು.

ಈ ಎರಡು ಅಕ್ಷರಗಳ ಗುಣವೆಂದರೆ ಸದ್ದಿಲ್ಲದಿರುವುದು. ಒಂದೂವರೆ ಕಿಲೋ ತೂಗುವ ಲಿವರು ನಮ್ಮ ದೇಹದ ಬಲು ಸಹನೆಯ ಅಂಗ. ಅದರ ಒಳಭಾಗಕ್ಕೆ ನೋವು ತಿಳಿಸುವ ನರಗಳಿಲ್ಲ. ಅರ್ಧ ಹಾಳಾದರೂ ಉಳಿದರ್ಧ ಇಡೀ ಮನೆಯ ಕೆಲಸ ಹೊತ್ತುಕೊಂಡು ಹೋಗುತ್ತದೆ, ನಮ್ಮ ಮನೆಗಳ ತಾಯಂದಿರ ಹಾಗೆ. ಇಪ್ಪತ್ತು, ಮೂವತ್ತು ವರ್ಷ ಹೀಗೇ ನಡೆದು, ಕೊನೆಗೊಂದು ದಿನ ಹೊಟ್ಟೆಗೆ ನೀರು ತುಂಬಿಕೊಂಡಾಗ, ರಕ್ತ ವಾಂತಿಯಾದಾಗ ಲಿವರು ಗಟ್ಟಿಯಾಗಿರುವುದು, ಇಲ್ಲವೇ ಅದರಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಗುತ್ತದೆ. 'ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ' ಎಂಬ ಗಾದೆ ನಮ್ಮಲ್ಲಿದೆ. ಕಣ್ಣು ಹಳದಿಯಾಗದ ಕಾಮಾಲೆಗೆ ಗಾದೆಯೂ ಇಲ್ಲ, ಗಾಬರಿಯೂ ಇಲ್ಲ.

ಕಣ್ಣು ಬೆಳ್ಳಗಿದ್ದರೂ ಅಜ್ಜಿ ಸುಮ್ಮನಿರುವವಳಲ್ಲ. ಮಾರನೆಯ ದಿನವೇ ನೆಲನೆಲ್ಲಿ ಸೊಪ್ಪು ತರಿಸಿ, ಅರೆದು, ಮಜ್ಜಿಗೆಯಲ್ಲಿ ಕದಡಿ ಮೊಮ್ಮಗನಿಗೆ ಕುಡಿಸಿದಳು. ಗದ್ದೆ ಬದುವಿನಲ್ಲಿ ಬೆಳೆಯುವ ಈ ಪುಟ್ಟ ಗಿಡಕ್ಕೆ ವಿಜ್ಞಾನದ ಚರಿತ್ರೆಯಲ್ಲೂ ಒಂದು ಪುಟವಿದೆ. ಅಮೆರಿಕದ ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತದಲ್ಲಿ ವಿಚಿತ್ರವಾದ ಒಂದು ಪ್ರೋಟೀನನ್ನು ಗುರುತಿಸಿದರು. ಅದು ಹೆಪಟೈಟಿಸ್ ಬಿ ವೈರಾಣುವಿನ ಹೊರಕವಚವೆಂದು ಆಮೇಲೆ ಗೊತ್ತಾಯಿತು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅವರು ಹುಟ್ಟಿದ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನವೆಂದು ಆಚರಿಸುತ್ತಾರೆ. ಇದೇ ಬ್ಲಂಬರ್ಗ್ ಮದರಾಸಿನ ಸಂಶೋಧಕರ ಜೊತೆ ಸೇರಿ ನೆಲನೆಲ್ಲಿಯನ್ನು ಪರೀಕ್ಷೆಗೆ ಒಡ್ಡಿದರು. ಗಿಡ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಯಿತೆಂದು 1988ರಲ್ಲಿ ಅವರು ಪ್ರಕಟಿಸಿದಾಗ ಜಗತ್ತೇ ಕಿವಿ ನಿಮಿರಿಸಿತು. ಆದರೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ನೊಬೆಲ್ ಪಡೆದವರು ಹೇಳಿದರೂ ಇನ್ನೊಬ್ಬರು ಮಾಡಿ ನೋಡಿದಾಗ ಬಾರದಿದ್ದರೆ ವಿಜ್ಞಾನ ಅದನ್ನು ಒಪ್ಪುವುದಿಲ್ಲ. ಶಾಲೆಯ ಮಕ್ಕಳು ವಿಜ್ಞಾನದ ಪುಸ್ತಕದಿಂದ ಕಲಿಯಬೇಕಾದ ಮೊದಲ ಪಾಠವೇ ಇದು.

ಅಜ್ಜಿಯ ಚಿಕಿತ್ಸೆ ಮಜ್ಜಿಗೆಗೇ ಮುಗಿಯಲಿಲ್ಲ. ಅಂಟುರೋಗ ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತು. ಹುಡುಗನ ತಟ್ಟೆ, ಲೋಟ ಅಡುಗೆಮನೆಯ ಸ್ಟ್ಯಾಂಡಿನಿಂದ ಹಿತ್ತಲ ಬಾಗಿಲ ಪಕ್ಕದ ಗೂಡಿಗೆ ಹೋದವು. ಟವೆಲಿಗೆ ಬೇರೆ ಹಗ್ಗ. ಹಾಸಿಗೆ ವರಾಂಡಕ್ಕೆ. ಹುಡುಗ ಮಾತಾಡಲಿಲ್ಲ. ಊಟ ಮಾಡಿ, ತಟ್ಟೆ ತಾನೇ ತೊಳೆದು, ತಾನೇ ಗೂಡಿನಲ್ಲಿ ಇಟ್ಟು ಬರುತ್ತಿದ್ದ. ಕ್ರಿಕೆಟ್ಟಿಗೆ ಹೋಗುವುದನ್ನು ನಿಲ್ಲಿಸಿದ. ರಕ್ತ ಕೊಟ್ಟು ಪುಣ್ಯ ಕಟ್ಟಿಕೊಳ್ಳಲು ಹೋದವನು ಮನೆಯಲ್ಲೇ ಹೊರಗಿನವನಾದ. ತಂದೆ ಹೇಳಿದ್ದು ಒಂದೇ ಮಾತು: "ಯಾರಿಗೂ ಹೇಳಬ್ಯಾಡ್ರಿ."

ತಜ್ಞ ವೈದ್ಯರ ಬಳಿಗೆ ಹೋದಾಗ ಅವರು ಹುಡುಗನನ್ನು ನೋಡಿದ್ದು ಹತ್ತು ನಿಮಿಷ, ತಾಯಿಯನ್ನು ಕೇಳಿದ್ದು ಅರ್ಧ ಗಂಟೆ.

"ನಿಮ್ಮ ತಾಯಿ ಇದಾರೇನಮ್ಮ?"

"ಇಲ್ರಿ. ನನ್ನ ಮದುವೆಗೆ ಮೂರು ವರ್ಷ ಮೊದಲೇ ತೀರಿಕೊಂಡ್ರು."

"ಏನಾಗಿತ್ತು?"

"ಹೊಟ್ಟೆಗೆ ನೀರು ತುಂಬಿಕೊಂಡಿತ್ರಿ. ಯಾರೋ ಮಾಟ ಮಾಡಿಸ್ಯಾರೆ ಅಂತಿದ್ರು."

ವೈದ್ಯರು ಪೆನ್ನು ಕೆಳಗಿಟ್ಟರು. ಮನೆಯವರೆಲ್ಲರೂ ಪರೀಕ್ಷೆ ಮಾಡಿಸಬೇಕು ಎಂದರು.

ಪರೀಕ್ಷೆ ಬಹಳ ಸಣ್ಣದು. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಪಟ್ಟಿಯಂಥದ್ದೇ ಒಂದು ಪಟ್ಟಿ. ಹನಿ ರಕ್ತ ಹಾಕಿದರೆ ಪಟ್ಟಿಯ ಉದ್ದಕ್ಕೂ ಅದು ಹರಿದು ಹೋಗುತ್ತದೆ. ದಾರಿಯಲ್ಲಿ ಪ್ರತಿಕಾಯಗಳನ್ನು ಒಂದು ಗೆರೆಯಾಗಿ ಕೂರಿಸಿರುತ್ತಾರೆ. ರಕ್ತದಲ್ಲಿ ಬ್ಲಂಬರ್ಗ್ ಕಂಡ ಆ ಕವಚದ ಪ್ರೋಟೀನು ಇದ್ದರೆ ಬಣ್ಣದ ಕಣಗಳ ಸಮೇತ ಅದು ಅಲ್ಲಿ ಸಿಕ್ಕಿಬೀಳುತ್ತದೆ, ಗೆರೆ ಮೂಡುತ್ತದೆ. ಇಪ್ಪತ್ತು ನಿಮಿಷದ ಕೆಲಸ. ಇದು ಮೊದಲ ಜರಡಿ. ಗೆರೆ ಮೂಡಿದವರಿಗೆ ಮುಂದಿನ ಪರೀಕ್ಷೆಗಳು ಬೇರೆ ಇವೆ.

ನಾಲ್ವರ ಫಲಿತಾಂಶ ಬಂದಾಗ ಅದು ವಿಜ್ಞಾನ ಪುಸ್ತಕದ ಒಂದು ಅಧ್ಯಾಯದಂತೆಯೇ ಇತ್ತು.

ತಾಯಿಯ ರಕ್ತದಲ್ಲಿ ವೈರಾಣು ಇತ್ತು. ಬಹುಶಃ ಅವರು ಹುಟ್ಟಿದಂದಿನಿಂದ ಇತ್ತು. ಲಿವರು ಆಗಲೇ ಗಟ್ಟಿಯಾಗಲು ಹೊರಟಿತ್ತು, ಆದರೆ ಕೈ ಮೀರಿರಲಿಲ್ಲ. ಮಗನಿಗೆ ಅವರಿಂದ ಬಂದಿರುವುದೇ ಹೆಚ್ಚು ಸಂಭವ. ಹಸುಗೂಸಾಗಿದ್ದಾಗ ಈ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಜೀವನಪರ್ಯಂತ ಉಳಿದುಬಿಡುತ್ತದೆ. ಮಗುವಿನ ದೇಹಕ್ಕೆ ತನ್ನವರು ಯಾರು, ಪರರು ಯಾರು ಎಂಬ ವಿವೇಕ ಆಗಿನ್ನೂ ಬಲಿತಿರುವುದಿಲ್ಲ.

ತಂದೆಯ ರಕ್ತದಲ್ಲಿ ವೈರಾಣು ಇರಲಿಲ್ಲ, ಆದರೆ ಅದರ ಜೊತೆ ಹೋರಾಡಿ ಗೆದ್ದ ಗುರುತು ಇತ್ತು. ದೊಡ್ಡವರಿಗೆ ಸೋಂಕು ತಗುಲಿದರೆ ನೂರರಲ್ಲಿ ತೊಂಬತ್ತೈದು ಮಂದಿ ಹೀಗೆಯೇ ಗೆಲ್ಲುತ್ತಾರೆ. ಯಾವಾಗ ಬಂತು, ಯಾವಾಗ ಹೋಯಿತು ಎಂಬುದು ಅವರಿಗೇ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ತಿಂಗಳು ಸುಸ್ತಾಗಿ ಅಂಗಡಿಗೆ ಹೋಗದೆ ಮಲಗಿದ್ದು ಮಾತ್ರ ನೆನಪಿತ್ತು.

ಮಗಳಿಗೆ ಸೋಂಕು ಇರಲಿಲ್ಲ. ಅವಳು ತನ್ನ ತಾಯಿ ಕಾರ್ಡನ್ನು ಬೀರುವಿನಿಂದ ಹುಡುಕಿ ತಂದು ವೈದ್ಯರ ಮೇಜಿನ ಮೇಲಿಟ್ಟಳು. 2009ರಲ್ಲಿ ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಅವಳಿಗೆ ಒಂದು ಚುಚ್ಚುಮದ್ದು ಬಿದ್ದಿತ್ತು, ಆಮೇಲೆ ಮತ್ತೆ ಮೂರು. ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬನಿಗೆ ಬಂದದ್ದು ಇನ್ನೊಬ್ಬಳಿಗೆ ಬರಲಿಲ್ಲ. ನಡುವೆ ಇದ್ದದ್ದು ಆರು ವರ್ಷ ಮತ್ತು ಒಂದು ಲಸಿಕೆ. ಈ ಲಸಿಕೆ ಹೊರದೇಶದಿಂದ ಬರುತ್ತಿದ್ದ ಕಾಲದಲ್ಲಿ ಬಲು ದುಬಾರಿಯಾಗಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ ದೇಶದಲ್ಲೇ ತಯಾರಿಸಿದ ಮೇಲೆ ಬೆಲೆ ಇಳಿಯಿತು. ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಇದನ್ನು 2007-08ರಲ್ಲಿ ಹತ್ತು ರಾಜ್ಯಗಳಿಗೆ ವಿಸ್ತರಿಸಿದಾಗ ಕರ್ನಾಟಕವೂ ಅವುಗಳಲ್ಲಿ ಸೇರಿತ್ತು, 2011ರಲ್ಲಿ ಇಡೀ ದೇಶಕ್ಕೆ ಬಂತು. ಮಗ ಹುಟ್ಟಿದ್ದು 2003ರಲ್ಲಿ. ಅವನ ಕಾರ್ಡಿನಲ್ಲಿ ಆ ಸಾಲೇ ಇರಲಿಲ್ಲ.

ತಾಯಿ ಅಳಲಿಲ್ಲ. ಬಹಳ ಹೊತ್ತು ಸೆರಗಿನ ಅಂಚನ್ನು ಮಡಚುತ್ತ ಕೂತಿದ್ದು, "ಹಂಗಾದ್ರೆ ನನ್ನ ಮಗನಿಗೆ ನಾನೇ ಕೊಟ್ಟೆ ಅಂದಂಗಾಯ್ತು" ಎಂದರು.

"ನಿಮಗೆ ಗೊತ್ತಿದ್ದು ಕೊಟ್ಟಿದ್ದರೆ ಆ ಮಾತು ಅನ್ನಬಹುದಿತ್ತಮ್ಮ. ನಿಮಗೂ ಹೀಗೇ ಬಂದಿರಬೇಕು. ನಿಮ್ಮ ತಾಯಿಯ ರಕ್ತ ಪರೀಕ್ಷೆ ಆಗಿಲ್ಲ, ಆದ್ದರಿಂದ ಖಚಿತವಾಗಿ ಹೇಳೋಕೆ ಬರೋದಿಲ್ಲ. ಆದರೆ ಮಾಟ ಅಂತೂ ಅಲ್ಲ" ಎಂದರು ವೈದ್ಯರು. "ಇಲ್ಲಿಗೆ ನಿಂತಿತಲ್ಲ, ಅದನ್ನು ನೋಡಿ. ನಿಮ್ಮ ಮಗ ರಕ್ತ ಕೊಡದೇ ಇದ್ದಿದ್ದರೆ ಇನ್ನು ಹತ್ತು ವರ್ಷಕ್ಕೆ ನೀವೂ ಹೊಟ್ಟೆಗೆ ನೀರು ತುಂಬಿಕೊಂಡು ಬರುತ್ತಿದ್ರಿ. ಆಗ ನಾನೂ ಏನೂ ಮಾಡೋ ಹಾಗಿರುತ್ತಿರಲಿಲ್ಲ."

ತಾಯಿಗೆ ದಿನಕ್ಕೊಂದು ಮಾತ್ರೆ ಶುರುವಾಯಿತು. ಅದು ವೈರಾಣುವನ್ನು ಪೂರ್ತಿ ಓಡಿಸುವುದಿಲ್ಲ, ಹೆಚ್ಚದಂತೆ ಹತ್ತಿಕ್ಕುತ್ತದೆ. ವೈದ್ಯರನ್ನು ಕೇಳದೆ ನಡುವೆ ನಿಲ್ಲಿಸುವಂತಿಲ್ಲ. ಮಗನ ಲಿವರು ಚೆನ್ನಾಗಿತ್ತು. ಸದ್ಯಕ್ಕೆ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಪರೀಕ್ಷೆ ಸಾಕು, ಮದ್ಯದ ಗೊಡವೆಗೆ ಹೋಗಬಾರದು, ಕಂಡ ಕಂಡ ಸೊಪ್ಪಿನ ರಸ ಕುಡಿಯಬಾರದು, ಕ್ರಿಕೆಟ್ ಧಾರಾಳವಾಗಿ ಆಡಬಹುದು ಎಂದರು. ಮುಂದೆ ಮದುವೆಯಾಗುವ ಹುಡುಗಿಗೆ ವಿಷಯ ತಿಳಿಸಿ, ಮೊದಲೇ ಲಸಿಕೆ ಹಾಕಿಸಿದರೆ ಸಂಸಾರಕ್ಕೆ ಅಡ್ಡಿಯಿಲ್ಲ. ಹೆಪಟೈಟಿಸ್ ಸಿ ಆಗಿದ್ದರೆ ಹೆಚ್ಚಿನವರಿಗೆ ಹನ್ನೆರಡು ವಾರದ ಮಾತ್ರೆಗಳಲ್ಲೇ ಗುಣವಾಗುತ್ತಿತ್ತು. ಅದಕ್ಕೆ ಲಸಿಕೆಯಿಲ್ಲ, ಆದರೆ ಔಷಧಿಯಿದೆ. ಬಿಗೆ ಪೂರ್ತಿ ಗುಣಪಡಿಸುವ ಔಷಧಿಯಿಲ್ಲ, ಆದರೆ ಲಸಿಕೆಯಿದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಎರಡಕ್ಕೂ ಪರೀಕ್ಷೆ, ಔಷಧಿಗಳನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಇದು ಎಷ್ಟು ಮನೆಗಳಿಗೆ ಗೊತ್ತಿದೆ?

ಇಷ್ಟಾದರೂ ಮನೆಯಲ್ಲಿ ಬಿಕ್ಕಟ್ಟು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೊಮ್ಮಗನ ತಟ್ಟೆಯನ್ನು ಗೂಡಿನಲ್ಲಿಡಬಹುದು, ಸೊಸೆಯನ್ನು ಎಲ್ಲಿಡುವುದು? ಅಡುಗೆ ಮಾಡುವವಳೇ ಅವಳು. ಅಜ್ಜಿ ಎರಡು ದಿನ ಹೊಟ್ಟೆ ಸರಿಯಿಲ್ಲವೆಂದು ಮಂಡಕ್ಕಿ ತಿಂದುಕೊಂಡು ಕಳೆದಳು. ಮೂರನೆಯ ದಿನ ತಾನೇ ಒಲೆಯ ಮುಂದೆ ನಿಂತು ಗಂಜಿ ಕಾಯಿಸಿಕೊಂಡಳು. ತಾಯಿ ಎಲ್ಲವನ್ನೂ ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಮಾತಾಡಿದ್ದು ಮೊಮ್ಮಗಳು.

"ಅಜ್ಜಿ, ನೀನೊಬ್ಬಳೇ ಪರೀಕ್ಷೆ ಮಾಡಿಸಿಲ್ಲ. ನಿನಗೇ ಇದ್ದರೆ? ನಾವು ನಿನ್ನ ತಟ್ಟೆ ಎಲ್ಲಿಡೋಣ?"

ಈ ಪ್ರಶ್ನೆಗೆ ಅಜ್ಜಿಯ ಬಳಿ ಉತ್ತರವಿರಲಿಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬೈದುಕೊಳ್ಳುತ್ತ ಹೋಗಿ, ಬೈದುಕೊಳ್ಳುತ್ತಲೇ ಬೆರಳು ಚುಚ್ಚಿಸಿಕೊಂಡು ಬಂದಳು. ಗೆರೆ ಮೂಡಲಿಲ್ಲ. ವೈದ್ಯರು ಅಷ್ಟಕ್ಕೇ ಬಿಡದೆ ತೋಳಿನಿಂದ ರಕ್ತ ತೆಗೆಸಿ ಉಳಿದ ಪರೀಕ್ಷೆಗಳನ್ನೂ ಮಾಡಿಸಿದರು. ಈಗಲೂ ಸೋಂಕಿಲ್ಲ, ಹಿಂದೆಂದೂ ಬಂದು ಹೋದ ಗುರುತೂ ಇಲ್ಲ.

"ಅಜ್ಜೀ, ಸೊಸೆ ಮನೆಗೆ ಬಂದು ಎಷ್ಟು ವರ್ಷ ಆಯ್ತು?" ಎಂದರು ವೈದ್ಯರು.

"ಇಪ್ಪತ್ತೆರಡು."

"ದಿನಾ ಯಾರ ಕೈ ಅಡುಗೆ ಉಂಡ್ರಿ?"

"ಅವಳದೇ."

"ಇಪ್ಪತ್ತೆರಡು ವರ್ಷ ಅವರ ಕೈಯಿಂದ ಉಂಡಿದೀರಿ, ಅವರು ತೊಳೆದ ಲೋಟದಲ್ಲಿ ಕುಡಿದಿದೀರಿ, ಮೊಮ್ಮಗನನ್ನು ತೊಡೆ ಮೇಲೆ ಆಡಿಸಿದೀರಿ. ಊಟದಿಂದ, ಮುಟ್ಟುವುದರಿಂದ ಬರುವ ಹಾಗಿದ್ದರೆ ಮೊದಲು ನಿಮಗೇ ಬರಬೇಕಾಗಿತ್ತಲ್ಲ?"

ಯಾವ ಭಿತ್ತಿಪತ್ರವೂ, ಯಾವ ಭಾಷಣವೂ ಹೇಳಲಾಗದ್ದನ್ನು ಅಜ್ಜಿಯ ರಕ್ತವೇ ಹೇಳಿತ್ತು. ಜೊತೆಗೆ ಕೂತು ಉಣ್ಣುವುದರಿಂದ, ಅಪ್ಪಿಕೊಳ್ಳುವುದರಿಂದ, ಕೆಮ್ಮಿನಿಂದ, ಒಂದೇ ತಟ್ಟೆ ಲೋಟಗಳಿಂದ ಹೆಪಟೈಟಿಸ್ ಬಿ ಹರಡುವುದಿಲ್ಲ. ಹಂಚಿಕೊಳ್ಳಬಾರದ್ದು ರೇಜರು, ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಉಗುರು ಕತ್ತರಿ, ಸೂಜಿ. ಅಂದರೆ ರಕ್ತ ತಾಗುವ ವಸ್ತುಗಳು ಮಾತ್ರ.

ಅಜ್ಜಿ ಮನೆಗೆ ಬಂದು ತಪ್ಪಾಯಿತು ಎನ್ನಲಿಲ್ಲ. ಆ ವಯಸ್ಸಿನವರು ಅನ್ನುವುದೂ ಇಲ್ಲ. ರಾತ್ರಿ ರೊಟ್ಟಿ ತಟ್ಟುವ ಸದ್ದು ಕೇಳಿದಾಗ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂತಳು. ಉಂಡಾದ ಮೇಲೆ ಎದ್ದು, ಹಿತ್ತಲ ಗೂಡಿನಿಂದ ಮೊಮ್ಮಗನ ತಟ್ಟೆ ತಂದು ತನ್ನ ಎಂಜಲು ತಟ್ಟೆಯ ಮೇಲೆ ಇಟ್ಟು, ಎರಡನ್ನೂ ಒಟ್ಟಿಗೇ ತೊಳೆಯಲು ಹಾಕಿದಳು. ಸೊಸೆ ರೊಟ್ಟಿಯ ಹೆಂಚಿನ ಕಡೆಗೆ ಮುಖ ತಿರುಗಿಸಿದರು.

ಆಮೇಲೆ ತನಗೂ ಲಸಿಕೆಯ ಮೂರು ಸೂಜಿ ಹಾಕಿಸಿಕೊಂಡಳು, ಆರು ತಿಂಗಳಲ್ಲಿ. "ಯಾರಿಗೂ ಹೇಳಬ್ಯಾಡ್ರಿ" ಎಂಬ ಮಗನ ಮಾತನ್ನು ಮೊದಲು ಮುರಿದವಳೂ ಅವಳೇ. ಮೊಮ್ಮಗನ ಹೆಸರು ಎತ್ತುತ್ತಿರಲಿಲ್ಲ. ಆದರೆ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಯಾರಾದರೂ ಕಾಮಾಲೆಯ ಮಾತೆತ್ತಿದರೆ ಅಂಗೈ ಬಿಡಿಸಿ ಬೆರಳು ಮಡಚುತ್ತಿದ್ದಳು: "ಕಾಮಾಲೆ ಅಂದ್ರೆ ಒಂದಲ್ಲ ಕಣ್ರೇ, ಐದು. ಎರಡು ನೀರಿನವು, ಮೂರು ರಕ್ತದವು. ರಕ್ತದವು ಕಣ್ಣಿಗೆ ಕಾಣಂಗಿಲ್ಲ." ಕೇಳಿದವರಲ್ಲಿ ನಕ್ಕವರೂ ಇದ್ದರು, ಮಾರನೆಯ ದಿನ ಹೋಗಿ ಪರೀಕ್ಷೆ ಮಾಡಿಸಿದವರೂ ಇದ್ದರು.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25 ಕೋಟಿ 40 ಲಕ್ಷ ಜನರಿಗೆ ಹೆಪಟೈಟಿಸ್ ಬಿ ಇತ್ತು. ಅವರಲ್ಲಿ ಸುಮಾರು 2 ಕೋಟಿ 98 ಲಕ್ಷ ಜನ ಭಾರತದವರು. ಹೆಪಟೈಟಿಸ್ ಸಿ ಇರುವ ಭಾರತೀಯರು ಸುಮಾರು 55 ಲಕ್ಷ. ಇವರಲ್ಲಿ ಬಹುಪಾಲು ಜನರಿಗೆ ತಮಗೆ ಇದೆಯೆಂಬುದೇ ಗೊತ್ತಿಲ್ಲ. ಹೆಪಟೈಟಿಸ್ ಬಿ, ಸಿಗಳಿಂದ ಜಗತ್ತಿನಲ್ಲಿ ದಿನಕ್ಕೆ ಸುಮಾರು 3,500 ಮಂದಿ ಸಾಯುತ್ತಾರೆ. ಅಮೆರಿಕದಲ್ಲಿ ಹದಿನೆಂಟು ದಾಟಿದ ಪ್ರತಿಯೊಬ್ಬರೂ ಜೀವನದಲ್ಲಿ ಒಮ್ಮೆಯಾದರೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಬೇಕೆಂದು 2023ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಸಲಹೆ ಮಾಡಿತು. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಜೋಪಾನವಾಗಿಡುತ್ತಾರೆ. ತಮ್ಮ ಲಸಿಕೆಯ ಕಾರ್ಡು ಎಲ್ಲಿದೆಯೆಂದು ಎಷ್ಟು ಮಂದಿಗೆ ಗೊತ್ತು? ಇಂದೇ ತಾಯಿಯನ್ನು ಕೇಳಿ ತೆಗೆಸಿ ನೋಡಬಹುದು. ಆ ಸಾಲು ಖಾಲಿಯಿದ್ದರೆ ಈಗಲೂ ಹೊತ್ತು ಮೀರಿಲ್ಲ. ಮನೆಯಲ್ಲಿ ಬಸುರಿಯಿದ್ದರೆ ಅವರಿಗಂತೂ ಈ ಪರೀಕ್ಷೆ ಆಗಲೇಬೇಕು.

ಉಳಿದದ್ದು ಹರಿಹರದ ಸೋದರಮಾವ. ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ತಂಗಿ ಎಷ್ಟು ಸಲ ಹೇಳಿದರೂ ಪರೀಕ್ಷೆಗೆ ಒಪ್ಪಿರಲಿಲ್ಲ. ಮಗಳಿಗೆ ಗಂಡು ಗೊತ್ತಾಗುವ ಹೊತ್ತು, ಸುದ್ದಿ ಹೊರಗೆ ಬಿದ್ದರೆ ಏನು ಗತಿ ಎಂಬುದು ಅವರ ಚಿಂತೆ. ಕೊನೆಗೆ ಅಜ್ಜಿಯೇ ಫೋನು ಕೈಗೆತ್ತಿಕೊಂಡಳು. "ನೋಡ್ರಿ ಬೀಗ್ರೇ, ಮಗಳ ಮದುವೀಗೆ ಅಪ್ಪ ಗಟ್ಟಿಯಾಗಿರಬೇಕೋ ಬ್ಯಾಡವೋ? ನಾಳೆ ಬೆಳಿಗ್ಗೆ ಬಸ್ ಹತ್ರಿ" ಎಂದು ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು.

ಮಾರನೆಯ ದಿನ ಏಳು ಗಂಟೆಗೆ ಪಿ.ಜೆ. ಬಡಾವಣೆಯ ಲ್ಯಾಬೊಂದರ ಮೆಟ್ಟಿಲ ಮೇಲೆ ಕೂತವರಲ್ಲಿ ಅವರೂ ಒಬ್ಬರು. ಹಿಂದಿನ ರಾತ್ರಿ ಎಂಟಕ್ಕೆ ಉಂಡದ್ದು, ಆಮೇಲೆ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಕಾಲೇಜಿನ ಚೀಲ ಹೆಗಲಿಗೇರಿಸಿ ಅಳಿಯ ನಿಂತಿದ್ದ.

"ಮಾವ, ಈ ಪರೀಕ್ಷೆಗೆ ಬರೀ ಹೊಟ್ಟೆ ಬೇಕಾಗಿರಲಿಲ್ಲ" ಎಂದ ಹುಡುಗ.

"ಮೊದ್ಲೇ ಹೇಳಬಾರದೇನೋ?"

"ನೀವು ಬರ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ರಕ್ತ ಕೊಟ್ಟು, ಹತ್ತಿ ಒತ್ತಿ ಹಿಡಿದುಕೊಂಡು ಇಬ್ಬರೂ ಬೆಣ್ಣೆದೋಸೆಯ ಹೋಟೆಲಿಗೆ ನಡೆದರು. ಫಲಿತಾಂಶ ಏನೇ ಬರಲಿ, ಅದನ್ನು ಎದುರಿಸುವ ದಾರಿ ಆ ಮನೆಗೆ ಈಗ ಗೊತ್ತಿತ್ತು. ಮಾವ ತಮ್ಮ ದೋಸೆಯ ಅರ್ಧವನ್ನು ಮುರಿದು ಅಳಿಯನ ತಟ್ಟೆಗೆ ಹಾಕಿದರು, ಅಳಿಯ ತನ್ನ ಬೆಣ್ಣೆಯನ್ನು ಅವರ ತಟ್ಟೆಗೆ ದಾಟಿಸಿದ.